ಹತ್ತು ಸೌಟಿನ ಬಾಟಲಿ

೮ ಜುಲೈ, ಬೆಳಿಗ್ಗೆ
ಹುಮಾ ಸಿಸ್ಟರ್ ಡ್ರಿಪ್ ಬಾಟಲಿ ಬದಲಿಸಿದರು. ಕೈ ಜೋಡಿಸಿ, ಗಂಭೀರವಾಗಿ, "ಅನ್ನದಾತೋ ಸುಖೀಭವ" ಎಂದೆ.
"ನಗಿಸ್ಬೇಡ ಸುಭಾಷ. ಹೊಲಿಗೆ ಬಿಚ್ಚಿದ್ರೆ ಗೊತ್ತಾಗ್ತದೆ ಸುಖ."
ಕರುಳಿನ ತೂತಿಗೆ ಹೊಲಿಗೆ ಬಿದ್ದಿದೆ. ಮಾಯುವವರೆಗೆ ಬಾಯಿಗೆ ಬೀಗ. ಊಟವೆಲ್ಲ ಕುತ್ತಿಗೆಯ ನಳಿಗೆಯಿಂದ, ನೇರ ರಕ್ತಕ್ಕೆ. ಚಿಂತೆ ಅದಲ್ಲ. ಅಮ್ಮ. ನಮ್ಮೂರು ಕೋಲಸಿರ್ಸಿಯಲ್ಲಿ ನಾನು ಉಣ್ಣದೆ ತಟ್ಟೆ ಮುಟ್ಟಿದವಳಲ್ಲ. ಶಿರಸಿ ಆಸ್ಪತ್ರೆಯಲ್ಲೂ ಅದೇ ವ್ರತ. ಶುಗರ್ ಮಾತ್ರೆ ಮಾತ್ರ ತಪ್ಪಿಸುವುದಿಲ್ಲ. ನಿನ್ನೆ ಕಾರಿಡಾರಿನಲ್ಲಿ ತಲೆ ತಿರುಗಿ ಕೂತುಬಿಟ್ಟಳು.

ಮಧ್ಯಾಹ್ನ
ಉಪಾಯ ಹೊಳೆಯಿತು!
"ಅಮ್ಮ, ನಂಗೆ ಬಡಿಸಿ ಆಗಿದೆ. ಇದು ಗ್ಲೂಕೋಸ್ — ಅನ್ನ. ಇದು ಅಮೈನೋ ಆಸಿಡ್ — ಬೇಳೆ ಸಾರು. ಲೇಬಲ್ ನೋಡು, 10%. ಹತ್ತು ಸೌಟು. ಆ ಹಾಲಿನಂಥದ್ದು ಪಾಯಸ."
"ಹೊಟ್ಟೆ ತುಂಬ್ತದಾ?"
ತೇಗಿದೆ. ಸುಳ್ಳು ತೇಗು. ಹೊಲಿಗೆ ಚುರ್ರೆಂದಿತು.
ಅಮ್ಮ ತನ್ನ ಊಟದ ಡಬ್ಬಿ ಬಿಚ್ಚಿದಳು.

೧೧ ಜುಲೈ
ಪಂಕ್ತಿಭೋಜನ ಸಾಂಗವಾಗಿ ನಡೆದಿದೆ. ಈಗ ಸಿಸ್ಟರ್ ಕೂಡ "ಸಾರು ಬಂತು, ಸಾರು" ಎನ್ನುತ್ತಲೇ ಒಳಗೆ ಬರುತ್ತಾರೆ. ಪಾಯಸ ಬಂದಾಗ ಅಮ್ಮ ತನ್ನ ತಟ್ಟೆಯ ಪಕ್ಕಕ್ಕೂ ಇಷ್ಟು ಬೆಲ್ಲ ಇಡಲು ಹೊರಟಿದ್ದಳು. ಶುಗರ್ ನೆನಪಿಸಿದೆ. ಹೀಗೆ ಧರ್ಮ ಕಾಪಾಡಿದೆ.

೧೩ ಜುಲೈ, ರಾತ್ರಿ
ಸಾರಿನ ಮೊದಲಿನ ಬಾಟಲಿ ಸ್ಟಾಕ್ ಇಲ್ಲವಂತೆ. ಮಧ್ಯಾಹ್ನ ಬೇರೆಯದು ಬಂತು. ಅಮ್ಮನಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. 5%.
"ಐದೇ ಸೌಟಾ?"
"ಇದು... ಬೇರೆ ಅಡುಗೆಭಟ್ಟರದ್ದು."
"ನಿಂಗೆ ಐದು ಅಂದ್ರೆ ನಂಗೂ ಐದೇ." ಅರ್ಧ ಉಂಡು ಡಬ್ಬಿ ಮುಚ್ಚಿದಳು.
ನಾಲ್ಕು ಗಂಟೆಗೆ ಅಮ್ಮನ ಶುಗರ್ ಇಳಿದು ಮೈಯೆಲ್ಲ ಬೆವರು. ಸಿಸ್ಟರ್ ಓಡಿ ಬಂದು ಸಕ್ಕರೆ ನೀರು ಕುಡಿಸಿದರು. ನಾನು ಹಾಸಿಗೆಯಲ್ಲಿ ನಳಿಗೆಗೆ ಕಟ್ಟಿದ ಕರು. ಏಳಲೂ ಆಗಲಿಲ್ಲ. ಹೆದರಿ ನಿಜ ಹೇಳಿಬಿಟ್ಟೆ — ಸೌಟಿನ ಲೆಕ್ಕ ನಾನೇ ಹುಟ್ಟಿಸಿದ್ದು.
"ಹಾಂಗಾದ್ರೆ ಇಷ್ಟು ದಿನ ನೀ ಉಪವಾಸವಾ?"
ರಾತ್ರಿಯ ಡಬ್ಬಿ ಬಿಚ್ಚಲೇ ಇಲ್ಲ. ನಿಜ ಹೇಳುವುದು ಆರೋಗ್ಯಕ್ಕೆ ಹಾನಿಕರ.

೧೪ ಜುಲೈ
ಸಿಸ್ಟರಿಗೆ ಕೈಮುಗಿದೆ. ಈ ಸಲ ನಾಟಕವಿಲ್ಲ. ಅವರು ಹಳೆಯ ಖಾಲಿ ಬಾಟಲಿ, ಹೊಸತು, ಎರಡನ್ನೂ ಅಮ್ಮನ ಮುಂದಿಟ್ಟರು.
"ನೋಡಿ ಅಮ್ಮ, ಇವನ ಮಾತು ಬಿಡಿ. ಎರಡ್ರಲ್ಲೂ ಮೈಗೆ ಬೇಕಾದ ಪ್ರೋಟೀನಿನ ಸತ್ವವೇ. ಅದು ಗಟ್ಟಿ, ಇದು ತೆಳು. ತೆಳುವಾದದ್ದು ಅಂತ ಎರಡು ಬಾಟಲಿ ಹಾಕ್ತೇವೆ. ಒಟ್ಟು ಅಷ್ಟೇ ಆಯ್ತು. ನೀರು ಮಾತ್ರ ಜಾಸ್ತಿ, ಅದಕ್ಕೇ ಡಾಕ್ಟ್ರು ಅಳತೆ ನೋಡ್ತಾ ಇರ್ತಾರೆ."
"ನೆಂಟ್ರು ಬಂದಾಗ ಸಾರಿಗೆ ನೀರು ಹೊಯ್ದಾಂಗೆ?"
"ಅದೇ! ಬೇಳೆ ಕಮ್ಮಿ ಆಗ್ಲಿಲ್ಲ."
ಅಮ್ಮ ಯೋಚಿಸಿದಳು. "ಎರಡನೇದೂ ಹಾಕಿ. ಆಮೇಲೆ ಉಣ್ತೆ."
ಎರಡನೆಯದು ಹನಿಯತೊಡಗುವವರೆಗೆ ಕಾದಳು. ಪೂರ್ತಿ ಉಂಡಳು. ತೀರ್ಪು: ಎರಡೂ ಬಾಟಲಿ ಸಮಬಲ. ಗೆದ್ದವರು ಸಿಸ್ಟರ್.

೧೯ ಜುಲೈ
ಹೊಲಿಗೆ ಗಟ್ಟಿಯಾಗಿದೆಯಂತೆ! ಡಾಕ್ಟರು ಗಂಜಿ ತಿಳಿಗೆ ಅಪ್ಪಣೆ ಕೊಟ್ಟರು. ಎರಡೇ ಚಮಚ.
ಅಮ್ಮನ ಬಲಗೈಯಲ್ಲಿ ನನ್ನ ಚಮಚ, ತೊಡೆಯ ಮೇಲೆ ಅವಳ ತಟ್ಟೆ.
"ಲೇಬಲ್ ಎಲ್ಲಿ? ಎಷ್ಟು ಪರ್ಸೆಂಟು?" ಎಂದೆ.
"ಬಾಯಿ ತೆಗಿ, ಪೋಕ್ರಿ."
ಇಷ್ಟು ಬರೆದುಬಿಡುತ್ತೇನೆ ಅಂದೆ. ಚಮಚ ಗಾಳಿಯಲ್ಲೇ ನಿಂತಿದೆ. ಅವಳ ಅನ್ನ ಆರುತ್ತಿದೆ. ಇನ್ನೂ ಬರೆಯುತ್ತ ಕೂತರೆ ಅವಳು ಉಣ್ಣುವುದೇ ಇ—