ಗೋಡೆ ತುಂಬ ಅಪ್ಪನ ಹೂಗಳು

ಅಕ್ಕಾ,

ನಮ್ಮ ಗೇಟಿನ ಪಕ್ಕದ ಮರ ಯಾವ ದಿನ ಮೊದಲ ಹೂ ಬಿಟ್ಟಿತೆಂದು ಅಪ್ಪ ನಲವತ್ತೊಂದು ವರ್ಷ ಬರೆದಿಟ್ಟ ಪುಸ್ತಕವನ್ನು ಇಲ್ಲಿನ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದೆನಲ್ಲ, ಇಂದು ಅವರ ಪರಿಸರ ಪ್ರದರ್ಶನದಲ್ಲಿ ಅದೇ ಒಂದಿಡೀ ಗೋಡೆ ತುಂಬಿತ್ತು! ವರ್ಷಕ್ಕೊಂದು ಪುಟ್ಟ ದೀಪ. ಬಿಸಿಲು ಏರಿ, ಹೂ ಈಗ ಹತ್ತೊಂಬತ್ತು ದಿನ ಮೊದಲೇ ಬರುತ್ತಿದೆಯಂತೆ. ನಾವು ಹುಚ್ಚು ಎಂದು ನಕ್ಕಿದ್ದ ಆ ಅಕ್ಷರಗಳ ಮುಂದೆ ಜನ ಬಗ್ಗಿ ಓದುತ್ತ ನಿಂತಿದ್ದರು.

"ಅವರು ಹೋದ್ಮೇಲೆ ಯಾರು ಬರೀತಿದಾರೆ?" ಪ್ರೊಫೆಸರಮ್ಮ ಕೇಳಿದರು.

"ನಮ್ಮಕ್ಕ" ಎಂದುಬಿಟ್ಟೆ.

ಸುಳ್ಳಾಗಿಸಬೇಡ ಮಾರಾಯ್ತಿ. ಕಾರ್ಡು ಕೈಸೇರಿದ ಕೂಡಲೇ ಹೊರಗೆ ಹೋಗಿ ಮೊಗ್ಗು ಬಂದಿದೆಯೇ ನೋಡು, ತಾರೀಖು ಬರೆದಿಡು. ನನ್ನ ಮಂಡಿನೋವು ಈಗ ಪರವಾಗಿಲ್ಲ. ಜಾಗ ಮುಗಿಯಿತು.

ನಿನ್ನ ತಮ್ಮ