ಅಲುಗಾಡದೆ ಓದುವವಳ ಹಾಜರಿ

ಮಲಪ್ರಭೆಯ ದಂಡೆ,
ಫೆಬ್ರವರಿ ೩೦, ೨೧೮೭

ವಿಶ್ವವಿದ್ಯಾಲಯದ ಮೊದಲ ಸ್ಮಾರ್ಟ್ ಕ್ಯಾಂಪಸ್ ಸಮಿತಿಯ ಸದಸ್ಯರಿಗೆ,

ಈ ತಾರೀಖನ್ನು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳು ವರ್ಷದ ಕೊನೆಯಲ್ಲಿ ಯಾವ ತಿಂಗಳಿಗೂ ಸೇರದೆ ರಜೆಯಾಗಿ ಕಳೆಯುತ್ತವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಅಪರಿಚಿತವಾಗಬಹುದು, ಅದಕ್ಕೆ ಕ್ಷಮೆ ಇರಲಿ. ನೀವು ಚಾವಣಿಗೆ ಹಾಕಿಸಿದ ಸೆನ್ಸರನ್ನು ನಾವು ಅರಿವುಮಣಿ ಎನ್ನುತ್ತೇವೆ. ಅದು ಬರೆದುಕೊಳ್ಳುವ ಹಾಜರಿಗೆ ಇರವು ಎಂಬ ಹೆಸರು.

ನಿಮ್ಮ ಕೆಲಸವೆಲ್ಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಇಲ್ಲಿ ನಲ್ಲಿ ಸೋರುವುದಿಲ್ಲ. ಬೇವಿನ ಮರಗಳು ಬಾಯಾರಿದಾಗ ತಾವೇ ನೀರು ತೆರೆದುಕೊಳ್ಳುತ್ತವೆ. ಕ್ಯಾಂಟೀನಿನಲ್ಲಿ ಉಪ್ಪಿಟ್ಟು ಎಷ್ಟು ಜನಕ್ಕೆ ಬೇಕೆಂದು ಒಲೆಗೆ ಮೊದಲೇ ಗೊತ್ತಿರುವುದರಿಂದ ಚೆಲ್ಲುವುದು ಕಡಿಮೆ. ನನ್ನ ತಕರಾರು ನೀವು ಬರೆದ ಒಂದೇ ವಾಕ್ಯದ ಬಗ್ಗೆ: ಹತ್ತು ನಿಮಿಷ ಚಲನೆ ಇಲ್ಲದ ಕೋಣೆ ಖಾಲಿ ಕೋಣೆ. ವಿದ್ಯುತ್ತು ಉಳಿಯಲೆಂದು ಬರೆದಿರಿ, ಸರಿ. ನಿಮ್ಮ ನಂತರ ಬಂದವರು ಅದೇ ಲೆಕ್ಕದಿಂದ ಹಾಜರಿ ತೆಗೆದರು, ಹಾಜರಿಯಿಂದ ಪದವಿ ಕೊಟ್ಟರು. ಓದುಕೋಣೆಯಲ್ಲಿ ಅಲುಗಾಡದೆ ಕೂರುವುದೇ ಕೆಲಸ ಎಂದು ಯಾರಿಗೂ ಹೊಳೆಯಲಿಲ್ಲ.

ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದರಂತೆ ಇರುವ ನಮ್ಮ ಓದುಕೋಣೆಗಳಲ್ಲಿ ಒಂದು ಪದ್ಧತಿ ಬೆಳೆದಿದೆ. ಓದುವವರು ಆಗಾಗ ಪುಸ್ತಕ ಮಡಿಲಿಗಿಟ್ಟು ಎರಡೂ ಕೈ ಮೇಲೆತ್ತಿ ಬೀಸುತ್ತಾರೆ. ಅದು ಪುಸ್ತಕಕ್ಕೆ ತೋರಿಸುವ ಗೌರವವೆಂದು ಹೊಸಬರು ನಂಬಿದ್ದಾರೆ. ಕಳೆದ ವರ್ಷ ಈ ವಿಷಯದ ಮೇಲೆ ಒಂದು ವಿಚಾರಸಂಕಿರಣವೂ ನಡೆಯಿತು. ನಿವೃತ್ತರಾದ ಪ್ರಾಧ್ಯಾಪಕರೊಬ್ಬರು ಸನ್ಮಾನದ ಶಾಲನ್ನು ತಮ್ಮ ಓದುಕೋಣೆಯ ಕಿಟಕಿಗೆ ಹಾಕಿ ಮರೆತು ಹೋದರು. ಗಾಳಿಗೆ ಆಡುವ ಆ ಶಾಲಿನ ಇರವು ಇಂದಿಗೂ ಪೂರ್ತಿ ಇದೆ.

ನನ್ನ ಸಂಶೋಧನಾ ವಿದ್ಯಾರ್ಥಿನಿ ನೀಲವ್ವ ಸೊರಟೂರಳ ಇರವು ಹೆಚ್ಚುಕಡಿಮೆ ಸೊನ್ನೆ. ಅನುವಾದಿತ ಕಾದಂಬರಿಗಳನ್ನು ಮೂಲದ ಪಕ್ಕದಲ್ಲಿಟ್ಟು ವಾಕ್ಯ ವಾಕ್ಯವಾಗಿ ಓದುವ ಹುಡುಗಿ ಅವಳು. ಓದುವಾಗ ಅವಳ ರೆಪ್ಪೆ ಬಿಟ್ಟು ಬೇರೇನೂ ಅಲುಗುವುದಿಲ್ಲ. ಅವಳು ಒಳಗೆ ಬಂದದ್ದನ್ನು ಬಾಗಿಲು ಬರೆದುಕೊಂಡಿದೆ, ಹತ್ತು ನಿಮಿಷದ ಮೇಲೆ ಕೋಣೆ ಖಾಲಿ ಎಂದು ಮಣಿ ಬರೆದಿದೆ. ಎರಡರಲ್ಲಿ ಮಣಿಯ ಮಾತೇ ಕೊನೆಯದು. ಫ್ಯಾನು ನಿಂತರೂ, ದೀಪ ಆರಿದರೂ ಅವಳು ಕಿಟಕಿಯ ಬೆಳಕಲ್ಲಿ ಓದುತ್ತಲೇ ಇದ್ದಳು. ಗ್ರಂಥಾಲಯದ ಅಡಿವೆಪ್ಪನವರು ಅವಳಿಗೆ ಹೇಳಿ ಹೇಳಿ ಸೋತರು.

"ತಂಗೀ, ಕೈಯರ ಆಡಸು, ಕಾಲರ ಆಡಸು. ನೀ ಓದೀದಿ ಬಿಟ್ಟೀದಿ, ಆ ಮಣಿಗೇನ್ ಗೊತ್ತಾಗ್ತೈತಿ?"

"ಕೈ ಆಡಸ್ಕೋಂತ ಕುಂತ್ರ ಪುಸ್ತಕ ಯಾರ್ ಹಿಡೀತಾರ, ಕಾಕಾ?"

"ಆ ಶಾಲು ನೋಡಿ ಕಲಿ. ಒಂದಕ್ಷರ ಓದಿಲ್ಲ, ಹಾಜರಿ ಪೂರಾ ಐತಿ."

ಒಂದು ವಾರ ಅವಳೂ ಕೈ ಬೀಸಿ ನೋಡಿದಳು. ಪ್ರತಿ ಸಲವೂ ವಾಕ್ಯ ತಪ್ಪಿಹೋಗುತ್ತಿತ್ತು, ಬಿಟ್ಟುಬಿಟ್ಟಳು. ಈಗ ಪ್ರಬಂಧ ಮುಗಿದಿದೆ. ನಾನು ಓದಿದ ಪ್ರಬಂಧಗಳಲ್ಲಿ ಇಷ್ಟು ಎಚ್ಚರದಿಂದ ಬರೆದದ್ದು ಇನ್ನೊಂದಿಲ್ಲ. ಆದರೆ ಇರವು ಸಾಲದವರ ಪ್ರಬಂಧವನ್ನು ತೆಗೆದುಕೊಳ್ಳುವುದಿಲ್ಲ. ಸೋಮವಾರ ಅವಳ ಹೆಸರು ರದ್ದಾಗುತ್ತದೆ. ಆಮೇಲೆ ಓದುಕೋಣೆಯ ಬಾಗಿಲು ಅವಳಿಗೆ ತೆರೆಯುವುದಿಲ್ಲ.

ನಾನು ಕುಲಸಚಿವರನ್ನು ಕಂಡೆ. ದಿನವೂ ಅವಳನ್ನು ಕಣ್ಣಾರೆ ನೋಡಿದ್ದೇನೆ ಎಂದೆ.

"ಮೇಡಂ, ಕುಂತಿದ್ಲು ಅಂತ ನೀವಂತೀರಿ, ಇರಲಿಲ್ಲ ಅಂತ ಕಟ್ಟಡ ಅಂತೈತಿ. ನಾ ಯಾರನ್ನ ನಂಬಲಿ?" ಎಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಹಾಗಾದರೆ ನಿಯಮವನ್ನೇ ಬದಲಿಸಿ ಎಂದೆ. ಆಗ ತಿಳಿಯಿತು: ಮುಂದಿನವರು ಕೈ ಹಾಕಿ ಕೆಡಿಸಬಾರದೆಂದು, ಮೂಲ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಅಕ್ಷರವನ್ನೂ ತಿದ್ದಕೂಡದು ಎಂದು ನೀವು ಬರೆದಿಟ್ಟಿದ್ದೀರಿ. ನೀವು ಇಲ್ಲವಾದ ಮೇಲೆ ಯಾರನ್ನು ಕೇಳಬೇಕು ಎಂಬುದನ್ನು ಬರೆದಿಲ್ಲ. ದೂರಿನ ಯಂತ್ರಕ್ಕೆ ಏನು ಹಾಕಿದರೂ ಅದು ನಿಮ್ಮ ಐವರ ಹೆಸರನ್ನೇ ತೋರಿಸುತ್ತದೆ. ಬೇರೆ ಯಾರ ವಿಳಾಸವನ್ನೂ ಒಪ್ಪುವುದಿಲ್ಲ. ಅದಕ್ಕೇ ಸತ್ತು ನೂರು ವರ್ಷ ದಾಟಿದ ನಿಮಗೆ ಬರೆಯುತ್ತಿದ್ದೇನೆ. ಇದರಲ್ಲಿ ನನಗೆ ಯಾವ ಸಂತೋಷವೂ ಇಲ್ಲ.

ಆ ವಾಕ್ಯವನ್ನು ಹೊಡೆದುಹಾಕಿ ಎಂದು ಕೇಳುವುದಿಲ್ಲ. ಅದರ ಮುಂದೆ ಇನ್ನೊಂದನ್ನು ಸೇರಿಸಿ: ಕೂತಿರುವವರನ್ನು ಕಂಡ ಮನುಷ್ಯರು ಇದ್ದರೆ, ಅವರ ಮಾತು ನಡೆಯತಕ್ಕದ್ದು. ಇಷ್ಟು ಸಾಕು. ಚಹಾ ಬರುವುದರೊಳಗೆ ಮುಗಿಯುವ ಕೆಲಸ.

ನೀವು ಸೇರಿಸಿದರೆ ಸೋಮವಾರ ನೀಲವ್ವ ಎಂದಿನಂತೆ ಬಂದು ಕೂರುತ್ತಾಳೆ; ಅದರಲ್ಲಿ ವಿಶೇಷವೇನೂ ಯಾರಿಗೂ ಕಾಣುವುದಿಲ್ಲ. ನಿಮ್ಮ ಕಾಲದಲ್ಲೇ ನಿಯಮ ಸರಿಹೋಗಿದ್ದರೆ, ಇಂಥದ್ದೊಂದು ಪತ್ರ ಬರೆದದ್ದು ನನಗೂ ನೆನಪಿರುವುದಿಲ್ಲ. ಆಮೇಲೆ ನಿಮಗೆ ಕೃತಜ್ಞತೆ ಹೇಳಲು ನನಗೆ ಕಾರಣವೇ ಇರುವುದಿಲ್ಲವಾದ್ದರಿಂದ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ವಿಮಲಾಕ್ಷಿ ಹೊಂಬಳ
ಅನುವಾದ ಸಾಹಿತ್ಯ ವಿಭಾಗ