ಗುಳ್ಳೆ ಎದ್ದ ಜಾಗ

ಹದಿನಾಲ್ಕನೆಯ ತಾರೀಖು, ಮಂಗಳವಾರ, ಬೆಳಿಗ್ಗೆ

ಪ್ರೀತಿಯ ಮರಿ,

ನಿನ್ನ ಕಾಗದದಲ್ಲಿ ನಾಲ್ಕು ತಪ್ಪುಗಳಿವೆ. ಮೂರನ್ನು ಇಲ್ಲಿಯೇ ತಿದ್ದುತ್ತೇನೆ; ನಾಲ್ಕನೆಯದಕ್ಕೆ ಇನ್ನೂ ಧೈರ್ಯ ಸಾಲದು. ಉತ್ತರಿಸಲು ಹನ್ನೊಂದು ದಿನ ತೆಗೆದುಕೊಂಡದ್ದಕ್ಕೆ ಕ್ಷಮಿಸು. ಬರೆದು ಹರಿದ ಹಾಳೆಗಳೇ ಅರ್ಧ ನೋಟುಪುಸ್ತಕವಾದವು. ಕಿವಿಯ ಕೀವು ನಿಂತಿತೆ? ಸ್ನಾನಕ್ಕೆ ಮುಂಚೆ ಹತ್ತಿ ಇಟ್ಟುಕೊಳ್ಳುವುದನ್ನು ಮರೆಯಬೇಡ. ಅಕ್ಕನ ಮನೆಯಲ್ಲಿದ್ದೀಯೆ, ಅವಳಿಗೆ ಹೆಚ್ಚು ಕೆಲಸ ಕೊಡಬೇಡ.

ಮೊದಲನೆಯದು. ‘ಅಣ್ಣ ಒಂದು ಆಟಿಕೆ ಕಾರಿಗಾಗಿ ಒಡಹುಟ್ಟಿದವನನ್ನು ಬಡಿದ’ ಎಂದು ಬರೆದಿದ್ದೀಯೆ. ಅದು ಆಟಿಕೆಯಲ್ಲ. ನಾಲ್ಕು ಕಿಲೋ ತೂಕದ, ನೈಟ್ರೋ ಇಂಧನ ಕುಡಿದು ಬೈಕಿನ ವೇಗದಲ್ಲಿ ಓಡುವ, ರಿಮೋಟಿನ ಮಾತು ಕೇಳುವವರೆಗೆ ಮಾತ್ರ ಸಾಧುವಾಗಿರುವ ಯಂತ್ರ. ಮನೆಯ ಮುಂಭಾಗದ ಅಂಗಡಿಯಲ್ಲಿ ಅಂಥವನ್ನು ರಿಪೇರಿ ಮಾಡಿಯೇ ನೀವಿಬ್ಬರೂ ಒಂಬತ್ತು ವರ್ಷ ಹೊಟ್ಟೆ ಹೊರೆದಿರಿ.

ಎರಡನೆಯದು. ಕಾರು ನಿನ್ನ ಅತ್ತಿಗೆಯ ಮೊಣಕಾಲಿಗೆ ಬಡಿಯಲಿಲ್ಲ, ಪಾದದ ಕೀಲಿಗೆ ಬಡಿಯಿತು. ಚರ್ಮ ಸೀಳಿ ಮೂಳೆಯ ತುದಿ ಹೊರಗೆ ಬಂದಿತ್ತು. ಮಗುಚಿ ಬಿದ್ದ ಮೇಲೂ ಚಕ್ರಗಳು ಅವಳ ಬಟ್ಟೆಯನ್ನು ಸುತ್ತಿಕೊಳ್ಳುತ್ತ ತಿರುಗುತ್ತಲೇ ಇದ್ದವು. ಪಕ್ಕದಂಗಡಿಯ ದರ್ಜಿ ಓಡಿಬಂದು, ಕೊರಳಲ್ಲಿದ್ದ ಅಳತೆಪಟ್ಟಿಯಿಂದಲೇ ಅವಳ ಕಾಲನ್ನು ಬಿಗಿದ.

ಮೂರನೆಯದು. ಅಣ್ಣ ಸುತ್ತಿಗೆಯಿಂದ ಹೊಡೆಯಲಿಲ್ಲ. ದೂರಿನಲ್ಲಿ ಹಾಗೆ ಬರೆಸಿದರೆ ಅವನು ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುತ್ತಾನೆ. ಬರಿಗೈ. ಒಟ್ಟು ಐದು ಏಟು. ಮೊದಲನೆಯದು ಅಂಗೈಯಿಂದ, ಎಡಗಿವಿಗೆ. ಕಿವಿಯ ತಮಟೆ ಹರಿದದ್ದು ಆಗಲೇ. ಎರಡು ಮತ್ತು ಮೂರು ಮುಷ್ಟಿಯಿಂದ, ಬಾಯಿಗೆ. ನಾಲ್ಕನೆಯದಕ್ಕೆ ನಿನ್ನ ಹಲ್ಲು ಹಾರಿ ಬೆಂಚಿನ ಮೇಲಿದ್ದ ಇಂಧನದ ಡಬ್ಬಕ್ಕೆ ತಗುಲಿ ಟಣ್ ಎಂದಿತು. ಐದನೆಯದು, ನಿನ್ನ ತಲೆಗೂದಲು ಹಿಡಿದು ಹಣೆಯನ್ನು ಬೆಂಚಿಗೆ ಬಿಗಿದ ಕಬ್ಬಿಣದ ವೈಸಿಗೆ ಜಜ್ಜಿದ್ದು. ಇದನ್ನೆಲ್ಲ ಎಣಿಸಿದವರು ಯಾರೆಂದು ಈಗಲೇ ಕೇಳಬೇಡ.

ಕಾರಣವನ್ನೂ ಕ್ರಮವಾಗಿ ಬರೆದಿಡುತ್ತೇನೆ. ಭಾನುವಾರದ ರೇಸಿನಲ್ಲಿ ರಿಮೋಟ್ ಹಿಡಿಯುವವರು ಯಾರೆಂದು ನಿಮ್ಮಿಬ್ಬರಿಗೆ ವಾರದಿಂದ ಜಗಳ. ಶುಕ್ರವಾರ ಸಂಜೆ, ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದವನು ನೀನು. ಶನಿವಾರ ಬೆಳಿಗ್ಗೆ ಅವಸರದಲ್ಲಿ ಜೋಡಿಸಿದವನು ಅವನು. ಸ್ಟಾರ್ಟ್ ಮಾಡಿದ ಕೂಡಲೇ ಇಂಜಿನ್ ಕಿರುಚಿತು. ರಿಮೋಟಿನ ಗುಂಡಿ ಬಿಟ್ಟರೂ ಸದ್ದು ಇಳಿಯಲಿಲ್ಲ.

‘ಅಣ್ಣಾ, ಆ ಇಂಧನದ ಸ್ಕ್ರೂ ಮುಟ್ಟಬೇಡ. ಎಲ್ಲೋ ಗಾಳಿ ಎಳ್ಕೊಳ್ತಿದೆ. ನೀರಲ್ಲಿ ಹಿಡಿದು ಗುಳ್ಳೆ ಬರುತ್ತಾ ನೋಡೋಣ’ ಎಂದು ನೀನು ಹೇಳಿದೆ.

‘ಬಂದ್ಬಿಟ್ರು ಮೇಷ್ಟ್ರು! ಇಂಧನ ಸ್ವಲ್ಪ ಜಾಸ್ತಿ ಬಿಟ್ರೆ ತಾನಾಗೇ ತೆಪ್ಪಗಾಗುತ್ತೆ, ಸುಮ್ನಿರು.’

ತೆಪ್ಪಗಾಯಿತು, ಎರಡು ನಿಮಿಷ. ಬಿಸಿಯೇರಿದ ಮೇಲೆ ಬ್ರೇಕನ್ನೂ ಲೆಕ್ಕಿಸದೆ ನುಗ್ಗಿತು. ಅತ್ತಿಗೆ ಚೀರುತ್ತಿರುವಾಗಲೇ ಅವನು ಬೆರಳು ಸುಟ್ಟುಕೊಂಡು ಕಾರ್ಬ್ಯುರೇಟರನ್ನು ಕಿತ್ತ. ಅದು ಇಂಜಿನ್ನಿಗೆ ಸೇರುವ ಕುತ್ತಿಗೆಯ ಬುಡದಲ್ಲಿ, ಗಾಳಿಯನ್ನು ತಡೆಯಬೇಕಾದ ರಬ್ಬರ್ ರಿಂಗೇ ಇರಲಿಲ್ಲ.

‘ರಿಂಗ್ ಎಲ್ಲೋ? ನಾಳೆ ನಾನು ಓಡಿಸಬಾರದು ಅಂತ ಬಚ್ಚಿಟ್ಟಿದೀಯ, ಅಲ್ವೇನೋ?’

‘ತಟ್ಟೇಲೇ ಇಟ್ಟಿದ್ದೆ ಕಣೋ, ಅಮ್ಮನ ಆಣೆ!’

ಆಮೇಲಿನದು ಐದು ಏಟು.

ಈ ತಿಂಗಳ ಕೊನೆಯೊಳಗೆ ಅವನು ಕ್ಷಮೆ ಕೇಳದಿದ್ದರೆ ಪೊಲೀಸರ ಬಳಿ ಹೋಗುವೆನೆಂದು ನಿನ್ನ ಹಟ. ‘ರಿಂಗ್ ತೆಗೆದಿದ್ದು ನಾನೇ ಅಂತ ಬಾಯಿ ಬಿಡೋವರೆಗೂ ಅವನು ಅಂಗಡಿ ಮೆಟ್ಟಿಲು ಹತ್ತಕೂಡದು’ ಎಂದು ಅವನ ಹಟ.

ಮೊನ್ನೆ ನಾನೇ ಅವನನ್ನು ಕೂರಿಸಿ, ನೀನು ಹೇಳಿದ ಪರೀಕ್ಷೆಯನ್ನು ಮಾಡಿಸಿದೆ. ಇಂಜಿನ್ ಹೊಗೆ ಬಿಡುವ ತೂತಿಗೆ ರಬ್ಬರ್ ಬಿರಡೆ, ಕಾರ್ಬ್ಯುರೇಟರಿನ ಬಾಯಿಗೆ ಹೆಬ್ಬೆರಳು, ಇಡೀ ಇಂಜಿನ್ ಬಕೆಟ್ಟಿನ ನೀರಿನಲ್ಲಿ. ಇಂಧನದ ಕೊಳವೆಯಿಂದ ಊದಿದ. ಕುತ್ತಿಗೆಯ ಬುಡದಿಂದ ಗುಳ್ಳೆಗಳು ಸಾಲುಗಟ್ಟಿ ಎದ್ದವು. ಒರೆಸಿ ಒಣಗಿಸಿ, ಹೊಸ ರಿಂಗ್ ತೊಡಿಸಿ, ಬೋಲ್ಟ್ ಬಿಗಿದು ಮತ್ತೆ ಊದಿದ. ಒಂದು ಗುಳ್ಳೆಯೂ ಇಲ್ಲ. ಅವನು ಕೊಳವೆಯನ್ನು ಬಾಯಿಂದ ತೆಗೆದ.

‘ಚಿಕ್ಕೋನು ಹೇಳಿದ್ದೇ ಸರಿಯಾಗಿತ್ತಮ್ಮ. ಆದ್ರೂ ರಿಂಗ್ ಯಾಕೆ ಬಚ್ಚಿಟ್ಟ?’

ನನ್ನಲ್ಲಿ ಉತ್ತರವಿರಲಿಲ್ಲ ಎಂದು ಬರೆದರೆ ಅದು ಐದನೆಯ ತಪ್ಪಾದೀತು.

ಕೇಳುವ ಕಿವಿಯಿಂದಲಾದರೂ ನನ್ನ ಹರಕೆಯನ್ನು ಕೇಳಿಸಿಕೋ. ಗಾಯ ಬೇಗ ಮಾಯಲಿ, ಉಣ್ಣುವಾಗ ನೋಯದಿರಲಿ, ನಿನ್ನ ಕೈಗುಣ ಹಾಗೆಯೇ ಉಳಿಯಲಿ.

ಇತಿ,
ನಿನ್ನ ಅಮ್ಮ

ವಿ. ಸೂ.: ನಾಲ್ಕನೆಯ ತಪ್ಪು. ‘ನನ್ನ ಗ್ರಹಚಾರಕ್ಕೆ ನೀನು ಅಲ್ಲಿರಲಿಲ್ಲ, ಇದ್ದಿದ್ದರೆ ಮೊದಲ ಏಟಿಗೇ ತಡೆಯುತ್ತಿದ್ದೆ’ ಎಂದು ಬರೆದಿದ್ದೀಯೆ.

ಶನಿವಾರ ಬೆಳಿಗ್ಗೆ, ನೀವು ಏಳುವ ಮೊದಲೇ ಅಂಗಡಿ ಗುಡಿಸುವಾಗ, ಬೆಂಚಿನ ಕೆಳಗೆ ಒಂದು ಕಪ್ಪು ರಿಂಗ್ ಸಿಕ್ಕಿತು. ನನ್ನ ಪೆನ್ನಿನದಿರಬೇಕೆಂದು ಕನ್ನಡಕದ ಡಬ್ಬಿಗೆ ಹಾಕಿಕೊಂಡೆ. ಅವನು ‘ರಿಂಗ್ ಎಲ್ಲೋ’ ಎಂದು ಕೂಗಿದಾಗ ಅದು ಏನೆಂದು ತಿಳಿಯಿತು. ಸೊಸೆಯ ಕಾಲನ್ನು ನೋಡಿದೆ. ಅದೂ ನನ್ನಿಂದ ಎಂದು ತಿಳಿಯಿತು. ‘ಯಾರು ಮಾಡಿದ್ದು? ಎದ್ದು ನಿಲ್ಲಿ!’ ಎಂದು ಮೂವತ್ತೆಂಟು ವರ್ಷ ಶಾಲೆಯಲ್ಲಿ ಮಕ್ಕಳನ್ನು ಗದರಿಸಿದವಳು ನಿಂತಲ್ಲೇ ನಿಂತು ಏಟು ಎಣಿಸಿದೆ.

ರಿಂಗ್ ಈ ಲಕೋಟೆಯಲ್ಲಿದೆ. ಲಕೋಟೆಯನ್ನು ಅಂಟಿಸುವುದಿಲ್ಲ. ಅಂಚೆಗೆ ಹಾಕಲು ನಿನ್ನ ಅಣ್ಣನ ಕೈಗೇ ಕೊಡುತ್ತೇನೆ, ‘ಓದಿ ಹಾಕು’ ಎಂದು ಹೇಳಿ. ಅದು ನಿನ್ನನ್ನು ತಲುಪಿದರೆ ಅವನು ಓದಿದ್ದಾನೆ ಎಂದು ತಿಳಿ.

ಆಮೇಲೂ ದೂರು ಕೊಡುವೆಯಾದರೆ ಕೊಡು, ನಾನು ಅಡ್ಡ ಬರುವುದಿಲ್ಲ. ಆದರೆ ಅಲ್ಲಿದ್ದವರ ಪಟ್ಟಿಯನ್ನು ಸರಿಯಾಗಿ ಬರೆಸು: ನೀನು. ನಿನ್ನ ಅಣ್ಣ. ನೆಲದ ಮೇಲೆ ನಿನ್ನ ಅತ್ತಿಗೆ. ಅವಳ ಕಾಲು ಹಿಡಿದುಕೊಂಡಿದ್ದ ದರ್ಜಿ. ಒಳಬಾಗಿಲಿನ ಪರದೆಯ ಹಿಂದೆ, ಕನ್ನಡಕದ ಡಬ್ಬಿಯನ್ನು ಅಮುಕಿ ಹಿಡಿದು, ನಾನು.